ಕಟು ಪೈಪ್ ತಂಬಾಕಿನಲ್ಲಿ ಅಡಗಿದ ಸುಗಂಧವನ್ನು ಪತ್ತೆ ಹಚ್ಚುವ ಬಗೆ

ಹಗುರವಾದ ಪೈಪ್ ತಂಬಾಕಿಗೆ ಸೇರಿಸಿದ ಪರಿಮಳವನ್ನು ಗುರುತಿಸಲು ವಿಶೇಷ ಪರಿಣತಿ ಬೇಕಿಲ್ಲ. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ವೆನಿಲ್ಲಾವೋ ಚೆರಿಯೋ ಮೂಗಿಗೆ ಬಡಿಯುತ್ತದೆ. ಕಷ್ಟವೆಲ್ಲ ಇರುವುದು ಕಟು ತಂಬಾಕಿನಲ್ಲಿ. ಸೌದೆಯ ಹೊಗೆಯಲ್ಲಿ ಒಣಗಿಸಿದ ಕೆಂಟಕಿ ಎಲೆ, ಹಗ್ಗದಂತೆ ಹೊಸೆದು ಕಪ್ಪಾಗಿಸಿದ ತಂಬಾಕು, ಗಾಳಿಯಲ್ಲಿ ಒಣಗಿಸಿದ ಬರ್ಲಿ ಎಲೆ ಹೆಚ್ಚಿರುವ ಮಿಶ್ರಣ, ಇವುಗಳಲ್ಲಿ ತಯಾರಕರು ಹಾಕಿದ ಸುಗಂಧ ಎಲೆಯ ಘಾಟಿನ ಹಿಂದೆ ಎಷ್ಟು ಚೆನ್ನಾಗಿ ಅಡಗಿ ಕೂರುತ್ತದೆಂದರೆ, ವರ್ಷಗಟ್ಟಲೆ ಅದನ್ನೇ ಸೇದಿದವರೂ ‘ಇದು ಶುದ್ಧ ಎಲೆ, ಇದರಲ್ಲಿ ಏನೂ ಹಾಕಿಲ್ಲ’ ಎಂದು ಆಣೆ ಮಾಡಿ ಹೇಳುತ್ತಾರೆ. ಹುಬ್ಬಳ್ಳಿ-ಧಾರವಾಡದಲ್ಲಿ ಪೈಪ್ ಸೇದುವವರು ಬೆರಳೆಣಿಕೆಯಷ್ಟು ಮಂದಿ. ನಾವು ಕೆಲವರು ಸೇರಿದಾಗಲೆಲ್ಲ ಮಾತು ಸುತ್ತಿ ಬಳಸಿ ಇದೇ ವಾದಕ್ಕೆ ಬಂದು ನಿಲ್ಲುತ್ತದೆ. ಈ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟವಾಗಿದೆ. ಎಲೆಗೆ ಸ್ವಂತ ಸೊಗಡು ಯಾವುದೆಂದು ಮೊದಲು ತಿಳಿಯದೆ ಹೊರಗಿನಿಂದ ಬಂದದ್ದು ಯಾವುದೆಂದು ಹೇಳಲು ಸಾಧ್ಯವಿಲ್ಲ. ಹಾಗೆಯೇ ಆ ಹೊರಗಿನದು ಸಿಗುವುದು ಕಡ್ಡಿ ಗೀರುವ ಮೊದಲು ಮತ್ತು ಪೈಪ್ ಆರಿದ ನಂತರ. ದಟ್ಟ ಹೊಗೆಯ ನಡುವೆ ಅದನ್ನು ಹುಡುಕುವುದು ಬಹುಮಟ್ಟಿಗೆ ವ್ಯರ್ಥ.

ತಂಬಾಕು ದೇಹಕ್ಕೆ ಹಾನಿ ಮಾಡುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ, ಸೇದದವರು ಇದನ್ನು ಓದಿ ಸೇದಲು ತೊಡಗಬಾರದು. ನಾನು ಮುಂದೆ ಹೇಳುವುದರಲ್ಲಿ ಹೆಚ್ಚಿನ ಪಾಲು ಬೆಂಕಿ ತಗುಲಿಸದೆ, ಬರೀ ಮೂಗಿನಿಂದ ಮಾಡುವ ಕೆಲಸವೇ ಆಗಿದೆ.

ಘಾಟು ಎಂಬುದು ನಿಜವಾಗಿ ವಾಸನೆಯಲ್ಲ. ನಿಕೋಟಿನ್ ಮತ್ತು ಅಮೋನಿಯಾ ಮೂಗು, ಬಾಯಿ, ನಾಲಿಗೆಗಳಲ್ಲಿ ಹರಡಿರುವ ಟ್ರೈಜೆಮಿನಲ್ ನರವನ್ನು ಚುಚ್ಚುತ್ತವೆ. ವಾಸನೆಯನ್ನು ತಿಳಿಸುವ ನರವೇ ಬೇರೆ. ಚುಚ್ಚುವ ಅನುಭವ ಜೋರಾದಾಗ ಸೂಕ್ಷ್ಮ ವಾಸನೆ ಮನಸ್ಸಿನ ಗಮನದಿಂದ ಜಾರುತ್ತದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಖಾರ ಕಡಿಮೆಯಿರುವ ‘ಡಬ್ಬಿ’ ತಳಿಯ ಮೆಣಸಿನಕಾಯಿಯ ರಾಶಿಯ ಬಳಿ ನಿಂತವರಿಗೆ ಒಂದು ಬಗೆಯ ಸಿಹಿ ಘಮ ಸಿಗುತ್ತದೆ. ಪಕ್ಕದಲ್ಲೇ ಖಾರದ ತಳಿಯ ಚೀಲ ಬಿಚ್ಚಿದರೆ ಸೀನು ಬರುತ್ತದೆಯೇ ಹೊರತು ಆ ಘಮ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ. ಕಟು ತಂಬಾಕಿನಲ್ಲಿ ಆಗುವುದೂ ಇದೇ. ಗಾಳಿಯಲ್ಲಿ ಒಣಗಿಸಿದ ಎಲೆಯ ಹೊಗೆ ಕ್ಷಾರೀಯವಾಗಿರುವುದರಿಂದ ಅದರಲ್ಲಿ ನಿಕೋಟಿನ್ ಹೆಚ್ಚು ಮುಕ್ತವಾಗಿ ಹೊರಬೀಳುತ್ತದೆ, ಚುಚ್ಚುವುದೂ ಹೆಚ್ಚು.

ಇನ್ನು ಎಲೆಯ ಸ್ವಂತ ಸೊಗಡಿನ ವಿಚಾರ. ಬಿಸಿಗಾಳಿಯ ಕೊಠಡಿಯಲ್ಲಿ ಒಣಗಿಸುವ ವರ್ಜೀನಿಯಾ ಎಲೆಯಲ್ಲಿ ಸಕ್ಕರೆ ಉಳಿದುಕೊಳ್ಳುತ್ತದೆ. ಒಣಹುಲ್ಲು, ಬ್ರೆಡ್ಡು, ಒಣದ್ರಾಕ್ಷಿಯ ವಾಸನೆಗಳು ಅದರ ಹುಟ್ಟುಗುಣ. ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವುದು ಈ ಜಾತಿಯೇ. ಒತ್ತಿ ಇಟ್ಟ ವರ್ಜೀನಿಯಾ ಹಳೆಯದಾದಂತೆ ಹುದುಗಿ ವಿನೆಗರ್‌ನಂಥ ಹುಳಿ ವಾಸನೆ ಕೊಡುತ್ತದೆ, ಅದನ್ನು ಯಾರೂ ಸೇರಿಸಿರಬೇಕಾಗಿಲ್ಲ. ಬರ್ಲಿ ಎಲೆ ಗಾಳಿಯಲ್ಲಿ ನಿಧಾನವಾಗಿ ಒಣಗುವಾಗ ತನ್ನ ಸಕ್ಕರೆಯನ್ನು ತಾನೇ ತಿಂದು ಮುಗಿಸುತ್ತದೆ. ಉಳಿಯುವುದು ಹುರಿದ ಶೇಂಗಾ ಮತ್ತು ಸಕ್ಕರೆ ಹಾಕದ ಕೋಕೋ ನೆನಪಿಸುವ ಒಣ ವಾಸನೆ. ಸೈಪ್ರಸ್‌ನ ಲಟಾಕಿಯಾ ಮತ್ತು ಅಮೆರಿಕದ ಕೆಂಟಕಿ ಎಲೆಗೆ ಸೌದೆಯ ಹೊಗೆಯೇ ವಾಸನೆ ಕೊಡುತ್ತದೆ. ಲೂಸಿಯಾನಾದ ಸೇಂಟ್ ಜೇಮ್ಸ್ ಪ್ರದೇಶದ ಪೆರೀಕ್ ಎಲೆಯನ್ನು ಪೀಪಾಯಿಯಲ್ಲಿ ಒತ್ತಡದ ಕೆಳಗೆ ತಿಂಗಳುಗಟ್ಟಲೆ ಹುದುಗಿಸುತ್ತಾರೆ. ಅದರಿಂದ ಬರುವ ಅಂಜೂರ ಮತ್ತು ಕರಿಮೆಣಸಿನ ವಾಸನೆಯನ್ನು ಹೊಸಬರು ಬಹಳ ಸಲ ರಮ್ ಎಂದು ತಿಳಿಯುತ್ತಾರೆ. ಈ ಎಲೆಗಳನ್ನು ಬಿಡಿಬಿಡಿಯಾಗಿ, ಮಿಶ್ರಣ ಮಾಡದೆ ಮೂಸಿ ನೋಡುವ ಅವಕಾಶ ಸಿಕ್ಕರೆ ಯಾರೂ ಬಿಡಬಾರದು. ನಿಪ್ಪಾಣಿಯ ಬೀಡಿ ತಂಬಾಕನ್ನು ಮೂಸುವುದೂ ಕಲಿಕೆಯೇ. ನಮ್ಮ ಕಡೆ ಸುಲಭವಾಗಿ ಸಿಗುವ, ಸುಗಂಧ ಸೋಕದ ಎಲೆ ಅದು.

ಸೇರಿಸುವ ಬಗೆ ಎರಡಿದೆ, ಎರಡನ್ನೂ ಒಂದೇ ಎಂದು ಭಾವಿಸುವುದರಿಂದ ಅರ್ಧ ವಾದಗಳು ಹುಟ್ಟುತ್ತವೆ. ಮೊದಲನೆಯದು ಕೇಸಿಂಗ್: ಎಲೆಯನ್ನು ಕತ್ತರಿಸುವ ಮುಂಚೆ ಸಕ್ಕರೆ, ಜ್ಯೇಷ್ಠಮಧು, ಕೋಕೋ ಮುಂತಾದವುಗಳ ದ್ರಾವಣವನ್ನು ಅದಕ್ಕೆ ಕುಡಿಸುವುದು. ಇದರ ಉದ್ದೇಶ ಮುಖ್ಯವಾಗಿ ಎಲೆಯ ಒರಟುತನವನ್ನು ಇಳಿಸುವುದು, ಹಾಗಾಗಿ ‘ಏನೂ ಹಾಕಿಲ್ಲ’ ಎಂದು ಹೆಸರಾದ ಬರ್ಲಿ ಮಿಶ್ರಣಗಳಲ್ಲೂ ಇದು ಸಾಮಾನ್ಯವಾಗಿ ಇರುತ್ತದೆ. ಎರಡನೆಯದು ಟಾಪ್ ಡ್ರೆಸಿಂಗ್: ಎಲ್ಲ ಕೆಲಸ ಮುಗಿದ ಮೇಲೆ ಆಲ್ಕೋಹಾಲ್‌ನಂಥ ದ್ರವದಲ್ಲಿ ಕರಗಿಸಿದ ಸುಗಂಧವನ್ನು ಮೇಲಿನಿಂದ ಸಿಂಪಡಿಸುವುದು. ಮೊದಲನೆಯದು ಎಲೆಯ ಒಳಗಿರುತ್ತದೆ, ಪೈಪಿನ ತಳದವರೆಗೂ ಬರುತ್ತದೆ. ಎರಡನೆಯದು ಆವಿಯಾಗುವಂಥದ್ದು, ಡಬ್ಬಿಯಲ್ಲಿ ಜೋರಾಗಿದ್ದು ಸೇದುತ್ತ ಹೋದಂತೆ ಬೇಗ ತೆಳುವಾಗುತ್ತದೆ.

ಕಟು ತಂಬಾಕಿನ ಗುಪ್ತ ಸುಗಂಧಗಳಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದಿಟ್ಟಿರುವುದು ಟೊಂಕಾ ಬೀಜ. ದಕ್ಷಿಣ ಅಮೆರಿಕದ ಮರವೊಂದರ, ಸುಕ್ಕುಗಟ್ಟಿದ ಕಪ್ಪು ಬೀಜವಿದು. ಸಂಸ್ಕರಿಸಿದ ಬೀಜವನ್ನು ಹತ್ತಿರದಿಂದ ನೋಡಿದರೆ ಸುಕ್ಕುಗಳ ನಡುವೆ ಬಿಳಿಯ ನವಿರಾದ ಹರಳುಗಳು ಕಾಣುತ್ತವೆ. ಆ ಹರಳೇ ಟೊಂಕಾದ ಸುಗಂಧಕ್ಕೆ ಮೂಲವಾದ ಕೂಮರಿನ್. 1820ರಲ್ಲಿ ಇದನ್ನು ಈ ಬೀಜದಿಂದಲೇ ಮೊದಲು ಬೇರ್ಪಡಿಸಿದರು, 1868ರಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ಪರ್ಕಿನ್ ಪ್ರಯೋಗಾಲಯದಲ್ಲಿ ತಯಾರಿಸಿದರು. ಯಕೃತ್ತಿಗೆ ಹಾನಿಯಾಗಬಹುದೆಂದು ಅಮೆರಿಕದಲ್ಲಿ 1954ರಿಂದ ಆಹಾರಕ್ಕೆ ಇದನ್ನು ಸೇರಿಸುವಂತಿಲ್ಲ. ಇಂಗ್ಲೆಂಡಿನ ಕೆಂಡಲ್ ಊರಿನಲ್ಲಿ ನಶ್ಯ ಮತ್ತು ಪೈಪ್ ತಂಬಾಕು ಎರಡನ್ನೂ ತಯಾರಿಸುವ ಹಳೆಯ ಪರಂಪರೆಯಿದೆ. ಅಲ್ಲಿನ ಸ್ಯಾಮುಯೆಲ್ ಗಾವಿತ್ ಕಂಪನಿ ತನ್ನ ಆರಂಭದ ವರ್ಷವನ್ನೇ ಹೆಸರಾಗಿ ಇಟ್ಟ 1792 ಫ್ಲೇಕ್ (ಫ್ಲೇಕ್ ಎಂದರೆ ಒತ್ತಿ ತೆಳುವಾಗಿ ಕತ್ತರಿಸಿದ್ದು) ಎಂಬ ಕಪ್ಪು, ಕಟು ತಂಬಾಕಿನಲ್ಲಿ ಇರುವುದು ಈ ಟೊಂಕಾ ಸುಗಂಧವೇ. ಅದೇ ಊರಿನ ಎನ್ನರ್‌ಡೇಲ್ ಫ್ಲೇಕ್‌ನಲ್ಲಿ ಸುಗಂಧ ಮರೆಯಲ್ಲಿರದೆ ಸಾಬೂನಿನಷ್ಟು ಎದ್ದು ಕಾಣುತ್ತದೆ, ಅದನ್ನು ಪತ್ತೆ ಹಚ್ಚುವ ಪ್ರಶ್ನೆಯೇ ಬರುವುದಿಲ್ಲ.

ಟೊಂಕಾ ಗುರುತಿಸುವುದು ಏಕೆ ಕಷ್ಟವೆಂದರೆ, ಕೆಲವು ಹುಲ್ಲುಗಳು ಒಣಗುವಾಗ ಬರುವ ಸಿಹಿ ವಾಸನೆಯೂ ಕೂಮರಿನ್‌ನದೇ, ವರ್ಜೀನಿಯಾ ಎಲೆಗೂ ಒಣಹುಲ್ಲಿನ ವಾಸನೆ ಸ್ವಾಭಾವಿಕ. ಇವೆರಡನ್ನು ಬೇರ್ಪಡಿಸಲು ನಾನು ಬಳಸುವ ಮಾನದಂಡ ಹೀಗಿದೆ. ವರ್ಜೀನಿಯಾದ ಹುಲ್ಲು ಒಣಗಿದ್ದು, ಬಿಸಿಲಿನದು. ಸುಗ್ಗಿ ಮುಗಿದ ಮೇಲೆ ಒಟ್ಟಿದ ಬಣವೆಯ ಪಕ್ಕದಲ್ಲಿ ನಿಂತಂತೆ ಸ್ವಲ್ಪ ಧೂಳೂ ಅದರಲ್ಲಿ ಸೇರಿರುತ್ತದೆ. ಟೊಂಕಾದ ಹುಲ್ಲಿನ ಅಡಿಯಲ್ಲಿ ಬಾದಾಮಿ ಮತ್ತು ವೆನಿಲ್ಲಾ ಇರುತ್ತವೆ, ಕೊನೆಯಲ್ಲಿ ನಾಲಿಗೆಯ ಹಿಂಭಾಗಕ್ಕೆ ಒಂದು ನವಿರಾದ ಕಹಿ ಬರುತ್ತದೆ. ನಮ್ಮ ಅಂಗಡಿಗಳಲ್ಲಿ ಚಕ್ಕೆ ಎಂದು ಸಿಗುವ ಕ್ಯಾಸಿಯಾ ತೊಗಟೆಯಲ್ಲೂ ಕೂಮರಿನ್ ಇದೆ, ಆದರೆ ಚಕ್ಕೆಗೆ ಅದರ ವಾಸನೆ ಕೊಡುವ ಸಿನ್ನಮಾಲ್ಡಿಹೈಡ್‌ನ ಅಬ್ಬರದಲ್ಲಿ ಅದು ಯಾರ ಮೂಗಿಗೂ ಸಿಗುವುದಿಲ್ಲ. ಒಂದು ವಾಸನೆ ಇನ್ನೊಂದನ್ನು ಹೇಗೆ ನುಂಗಬಲ್ಲದು ಎಂಬುದಕ್ಕೆ ಅಡುಗೆಮನೆಯಲ್ಲೇ ಇರುವ ಸಾಕ್ಷಿಯಿದು.

ಪರೀಕ್ಷೆಯನ್ನು ನಾನು ಮಾಡುವ ರೀತಿ ಸರಳವಾಗಿದೆ. ಮಿಶ್ರಣದ ಒಂದು ಚಿಟಿಕೆಯನ್ನು ಉಗುರುಬೆಚ್ಚಗಿನ ನೀರು ಸ್ವಲ್ಪವೇ ಇರುವ ಲೋಟಕ್ಕೆ ಹಾಕಿ, ತಟ್ಟೆ ಮುಚ್ಚಿ, ಕೆಲವು ನಿಮಿಷ ಬಿಟ್ಟು ತೆರೆದು ಮೂಸಬೇಕು. ಟಾಪ್ ಡ್ರೆಸಿಂಗ್ ಇದ್ದರೆ ತೆರೆದ ಮೊದಲ ಕ್ಷಣದಲ್ಲೇ ಸಿಗುತ್ತದೆ. ಎರಡನೆಯ ಸಲ ಮೂಸುವಷ್ಟರಲ್ಲಿ ಮೂಗು ಅದಕ್ಕೆ ಒಗ್ಗಿಹೋಗಿರುತ್ತದೆ, ಆದ್ದರಿಂದ ಮೊದಲ ಉಸಿರಿನಲ್ಲಿ ಹೊಳೆದದ್ದನ್ನು ಆಗಲೇ ಬರೆದುಕೊಳ್ಳಬೇಕು. ಮೂಗು ದಣಿದಾಗ ನಮ್ಮದೇ ಅಂಗಿಯ ತೋಳನ್ನು ಮೂಸಿ, ಸ್ವಲ್ಪ ಹೊತ್ತು ಬಿಟ್ಟು ಮುಂದುವರಿಯುವುದು ಸುಗಂಧ ತಯಾರಕರೂ ಪಾಲಿಸುವ ಕ್ರಮ. ಇನ್ನೊಂದು ಚಿಟಿಕೆಯನ್ನು ಕಾಗದದ ಮೇಲೆ ಹರಡಿ ಒಂದೆರಡು ದಿನ ತೆರೆದಿಡಬೇಕು. ಏಪ್ರಿಲ್‌ನ ಗದಗದ ಬಿಸಿಲಿನಲ್ಲೂ ಎಲೆ ಒಣಗದೆ ಮೆತ್ತಗೆ ಜಿಗುಟಾಗಿಯೇ ಉಳಿದರೆ ಅದರಲ್ಲಿ ತೇವ ಹಿಡಿದಿಡುವ ಪ್ರೊಪಿಲೀನ್ ಗ್ಲೈಕಾಲ್ ಇರುವ ಸಂಭವ ಹೆಚ್ಚು, ಅಂಥ ಮಿಶ್ರಣಕ್ಕೆ ಸುಗಂಧವನ್ನೂ ಸೇರಿಸಿರುವುದು ಸಾಮಾನ್ಯ. ಮೂಸುವ ಕೆಲಸಕ್ಕೆ ಮಾತ್ರ ನನಗೆ ಧಾರವಾಡದ ಆಷಾಢದ ಜಿಟಿಜಿಟಿ ಮಳೆಯ ದಿನಗಳೇ ಇಷ್ಟ. ತೇವದ ಗಾಳಿಯಲ್ಲಿ ಮೂಗು ಚುರುಕಾಗಿರುತ್ತದೆ.

ಸೇದಿ ನೋಡುವುದಾದರೆ ಬ್ರಯರ್ ಕಟ್ಟಿಗೆಯ ಪೈಪನ್ನು ನಂಬುವಂತಿಲ್ಲ. ಅದು ಹಿಂದಿನ ತಂಬಾಕಿನ ವಾಸನೆಯನ್ನು ಉಳಿಸಿಕೊಂಡು ಮುಂದಿನದರಲ್ಲಿ ಬೆರೆಸುತ್ತದೆ. ಮಣ್ಣಿನ ಪೈಪ್ ಈ ಕೆಲಸಕ್ಕೆ ತಕ್ಕದ್ದು, ಕೆಂಡದಲ್ಲಿಟ್ಟು ಸುಟ್ಟರೆ ಮತ್ತೆ ಹೊಸದರಂತಾಗುತ್ತದೆ. ಆದರೆ ಬ್ರಯರ್‌ನ ಇದೇ ದೋಷ ಒಂದು ಕಡೆ ಉಪಕಾರಿ. ಕಟು ತಂಬಾಕು ಸೇದಿ, ಬೂದಿ ಕೊಡವಿ, ರಾತ್ರಿಯಿಡೀ ಬಿಟ್ಟ ಖಾಲಿ ಪೈಪನ್ನು ಬೆಳಿಗ್ಗೆ ಮೂಸಿದರೆ ಘಾಟು ಅಡಗಿರುತ್ತದೆ. ಬೇಗ ಆವಿಯಾಗದ ಕೂಮರಿನ್‌ನಂಥವು ಗೋಡೆಗೆ ಅಂಟಿಕೊಂಡಿರುತ್ತವೆ. ಹಿಂದಿನ ಸಂಜೆಯ ಹೊಗೆಯಲ್ಲಿ ಸಿಗದ ಬಾದಾಮಿ ಸ್ಪಷ್ಟವಾಗಿ ಸಿಗುವುದು ಆಗಲೇ.

ನೆನಪಿನಲ್ಲಿಲ್ಲದ ವಾಸನೆಯನ್ನು ಮೂಗು ಗುರುತಿಸಲಾರದು. ಹುಬ್ಬಳ್ಳಿಯ ದುರ್ಗದಬೈಲಿನ ಸುತ್ತಲಿನ ಗ್ರಂಧಿಗೆ ಅಂಗಡಿಗಳಿಂದ ಬಡೇಸೋಪು, ಜ್ಯೇಷ್ಠಮಧು, ಲವಂಗ, ಗುಲಾಬಿ ಎಸಳು ತಂದು ಚಿಕ್ಕ ಶೀಶೆಗಳಲ್ಲಿ ಇಟ್ಟುಕೊಂಡಿದ್ದೇನೆ. ಜ್ಯೇಷ್ಠಮಧುವಿಗೆ ಸಿಹಿಯಿದೆಯೇ ಹೊರತು ಹೇಳಿಕೊಳ್ಳುವಂಥ ಪರಿಮಳವಿಲ್ಲ. ಪೈಪ್ ಸೇದುವವರು ಲಿಕರಿಸ್ (ಜ್ಯೇಷ್ಠಮಧುವಿನ ಇಂಗ್ಲಿಷ್ ಹೆಸರು) ಎಂದು ಹೇಳುವ ವಾಸನೆ ಬಹುತೇಕ ಬಡೇಸೋಪಿನಲ್ಲಿರುವ ಅನೆಥಾಲ್‌ನದು. ಎರಡು ಶೀಶೆಗಳನ್ನು ಒಂದರ ನಂತರ ಒಂದು ಮೂಸಿದವರಿಗೆ ಇದು ಮತ್ತೆಂದೂ ಮರೆಯದು.

ಗೆಳೆಯರ ನಡುವಿನ ವಾದಕ್ಕೆ ನಾನು ಒಪ್ಪುವ ತೀರ್ಪು ಒಂದೇ: ಕಣ್ಣು ಮುಚ್ಚಿ ಮೂರು ಬಟ್ಟಲು. ಎರಡರಲ್ಲಿ ಒಂದೇ ತಂಬಾಕು, ಮೂರನೆಯದರಲ್ಲಿ ಸುಗಂಧ ಸೇರಿದೆಯೆಂಬ ಅನುಮಾನದ ಮಿಶ್ರಣ. ಬೇರೆಯದನ್ನು ಆರಿಸಿ ಕೊಡಬೇಕು, ಸ್ಥಾನ ಬದಲಿಸಿ ಮತ್ತೆ ಆರಿಸಬೇಕು. ಆಹಾರ ಉದ್ಯಮದಲ್ಲಿ ರುಚಿ ಪರೀಕ್ಷಕರು ಅನುಸರಿಸುವ ವಿಧಾನವೂ ಇದೇ. ಇಷ್ಟಾದರೂ ಒಂದು ಪ್ರಶ್ನೆ ಮೂಗಿನಿಂದ ತೀರುವುದಿಲ್ಲ, ಅದು ವೆನಿಲ್ಲಾದ್ದು. ಕಟ್ಟಿಗೆ ಉರಿಯುವಾಗ ಅದಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಒಡೆದು, ವೆನಿಲ್ಲಾದ ವಾಸನೆಯ ವೆನಿಲಿನ್ ತಾನೇ ಹುಟ್ಟುತ್ತದೆ, ಹಾಗಾಗಿ ಹೊಗೆಯಲ್ಲಿ ಒಣಗಿಸಿದ ಕೆಂಟಕಿ ಎಲೆಯಲ್ಲಿ ಅದರ ಸುಳಿವು ಸಿಕ್ಕರೆ ಆಶ್ಚರ್ಯವಿಲ್ಲ. ಅಂಥ ಎಲೆಯಲ್ಲಿ ವೆನಿಲ್ಲಾ ಒಂದೇ ಕಂಡರೆ ನಾನು ಅದನ್ನು ಎಲೆಯದೆಂದೇ ಬರೆದುಕೊಳ್ಳುತ್ತೇನೆ. ಜೊತೆಗೆ ಬಾದಾಮಿಯೋ ಗುಲಾಬಿಯೋ ಇದ್ದರೆ ಮಾತ್ರ ತಯಾರಕರ ಕೈಯೆಂದು ಬರೆಯುತ್ತೇನೆ.