ಮಾಗಡಿ ಕೆರೆ ದಂಡೆಯಲ್ಲಿ ಒಂದು ಸಂಜೆ

ಮಾಗಡಿ ಅಂದ ಕೂಡಲೇ ಬೆಂಗಳೂರಿನ ಹತ್ತಿರದ ಮಾಗಡಿ ನೆನಪಾಗುತ್ತದೆ, ಅಲ್ವಾ? ಇದು ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಇಲ್ಲಿನ ಕೆರೆಗೆ ಪ್ರತಿ ಚಳಿಗಾಲ ಮಂಗೋಲಿಯಾ, ಟಿಬೆಟ್ ಕಡೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಡಿಸೆಂಬರ್ ಮೊದಲ ವಾರ ಮಗಳನ್ನು ಕರೆದುಕೊಂಡು ಹೋಗಿದ್ದೆ.

ಮಧ್ಯಾಹ್ನ ಮೂರು ಗಂಟೆ. ನೀರಿನಂಚಿನ ಕೆಸರಲ್ಲಿ ಹಕ್ಕಿಗಳು ಗುಂಪುಗುಂಪಾಗಿ ಕೂತಿದ್ದವು. ಕೆಲವು ಕತ್ತು ಹಿಂದಕ್ಕೆ ತಿರುಗಿಸಿ, ರೆಕ್ಕೆಯಲ್ಲಿ ಕೊಕ್ಕು ಹುದುಗಿಸಿ ನಿದ್ದೆ ಮಾಡುತ್ತಿದ್ದವು. ಇನ್ನೊಂಚೂರು ಹತ್ತಿರ ಹೋಗೋಣ ಅಂತ ನಾನೇ ದಂಡೆ ಇಳಿದೆ. ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಮುಂದಿನ ಸಾಲಿನ ಒಂದು ಹಕ್ಕಿ ಕತ್ತೆತ್ತಿತು. ಆಮೇಲೆ ಪಕ್ಕದ್ದು. ನೋಡುನೋಡುತ್ತಲೇ ಅಷ್ಟೂ ಕತ್ತುಗಳು ನೆಟ್ಟಗಾದವು. ಮುಂದಿನವು ನೀರಿಗಿಳಿದವು.

"ತಂಗೀ, ಅಲ್ಲೇ ನಿಂದ್ರವಾ. ದಣದ್ ಬಂದಾವು" ಅಂದರು ಮೇಲಿನಿಂದ ಒಬ್ಬ ಅಜ್ಜ.

ನಾಚಿಕೆಯಾಯಿತು. ಸುಮ್ನೆ ಮೇಲೆ ಬಂದು ಅವರ ಪಕ್ಕ ಕೂತೆವು. ದುರ್ಬೀನಿನಲ್ಲಿ ನೋಡಿದರೆ ಬಿಳಿ ತಲೆ ಮೇಲೆ ಎರಡು ಕಪ್ಪು ಪಟ್ಟೆ, ಕಾಡಿಗೆಯಲ್ಲಿ ಎಳೆದ ಹಾಗೆ. ಇವು 7 ಸಾವಿರ ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕತ್ತಿಗೆ ಗುರುತಿನ ಪಟ್ಟಿ ಹಾಕಿ ಬಿಟ್ಟ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದೂ ಉಂಟು. ಮಗಳು ಒಂದೊಂದೇ ಕತ್ತು ಹುಡುಕುತ್ತಾ ಹೋದಳು. ಪಟ್ಟಿ ಸಿಗಲಿಲ್ಲ. ಆದರೂ ದುರ್ಬೀನು ನನ್ನ ಕೈಗೆ ಕೊಡಲಿಲ್ಲ.

ಅಜ್ಜನದು ಎರೆ ಹೊಲ. ಹಿಂಗಾರಿಗೆ ಕಡಲೆ ಹಾಕಿದ್ದಾರೆ. "ನಾವೂ ಕಡ್ಲಿ ಕುಡಿ ಚಿವುಟತೀವಿ, ಕವಲು ಜಾಸ್ತಿ ಒಡೀಲಿ ಅಂತ. ಇವು ಬುಡಕ್ಕ ಬಾಯಿ ಹಾಕ್ತಾವು" ಅಂದರು. ಪಟಾಕಿ ಹೊಡೆಯೋದಿಲ್ವಾ ಅಂತ ಕೇಳಿದೆ. "ಪಟಾಕಿ ಹೊಡದ್ರ ಕೆರೀನೂ ಬಿಟ್ಟು ಹೋಗ್ತಾವಲ್ಲವಾ. ತಾಟು ಬಡದು ಎಬ್ಬಸ್ತೀನಿ."

ಈ ಕೆರೆ 2015ರಲ್ಲೇ ಸಂರಕ್ಷಿತ ಪ್ರದೇಶವಾಯಿತು, 2024ರಲ್ಲಿ ಜಗತ್ತಿನ ಮುಖ್ಯ ಕೆರೆ-ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು ಅಂತ ನಾನು ಖುಷಿಯಿಂದ ಹೇಳಿದೆ. "ಕೆರೀದಾತು. ಹೊಲದ್ದು?" ಅಂದರು. ಉತ್ತರ ಬಾಯಿಗೆ ಬರಲಿಲ್ಲ. ಹಗಲು ಮಲಗೋದು ಕೆರೆಯಲ್ಲಿ ನಿಜ, ಹೊಟ್ಟೆ ತುಂಬೋದು ಈ ಹೊಲಗಳಲ್ಲೇ. ಕೆರೆಗೆ ಕಾವಲಿದೆ, ಪಟ್ಟಿಯಲ್ಲಿ ಹೆಸರಿದೆ. ಹಕ್ಕಿಗೆ ಉಣ್ಣಿಸುವ ರೈತನ ಹೆಸರು ಎಲ್ಲೂ ಇಲ್ಲ. ಅವನ ನಷ್ಟ ಕಟ್ಟಿಕೊಡದೆ ಕೆರೆ ಉಳಿಸಿದೆವು ಅನ್ನೋದು ಅರ್ಧ ಮಾತು ಅಂತ ನನಗೆ ಅನ್ನಿಸಿದ್ದು ಅಲ್ಲೇ.

ಹೊತ್ತು ಮುಳುಗುತ್ತಾ ಬಂತು. ಒಂದು ಹಕ್ಕಿ ಕೂಗಿತು. ಮೂಗಿನಿಂದ ಬಂದಂಥ ದನಿ. ಇನ್ನೊಂದು ದನಿ ಸೇರಿತು. ಹತ್ತು ಹದಿನೈದು ಎದ್ದವು, ಹಿಂದೆಯೇ ಮತ್ತೊಂದಿಷ್ಟು. ತಲೆ ಮೇಲೆ ಹಾದಾಗ ರೆಕ್ಕೆಯ ಸದ್ದು ಎಷ್ಟು ಹತ್ತಿರ ಕೇಳಿಸಿತೆಂದರೆ, ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಆಕಾಶದಲ್ಲಿ ಸಾಲು ಬಾಗಿ, ಮತ್ತೆ ನೆಟ್ಟಗಾಗಿ ಪಡುವಣಕ್ಕೆ ತಿರುಗಿತು.

ಅಜ್ಜ ಎದ್ದು ಟವೆಲ್ ಕೊಡವಿದರು. "ನಮ್ಮ ಹೊಲಾನೂ ಆ ಕಡೇನ ಐತಿ" ಅಂದು ಸೈಕಲ್ ಹತ್ತಿದರು. ಹಿಂದಿನ ಕ್ಯಾರಿಯರ್‌ನಲ್ಲಿ ನೆಗ್ಗಿದ ತಾಟೊಂದು ಕಟ್ಟಿತ್ತು.