ಒಂದು ರಿಕ್ವೆಸ್ಟಿಗೆ ಒಂದು ಪ್ರೋಸೆಸ್
ಸಿಜಿಐ (ವೆಬ್ ಸರ್ವರ್ ಬೇರೊಂದು ಪ್ರೋಗ್ರಾಂ ಓಡಿಸಿ ಪುಟ ಕೊಡುವ ಪದ್ಧತಿ) ಸ್ಕ್ರಿಪ್ಟೊಂದನ್ನು ಇವತ್ತು ಮತ್ತೆ ಓಡಿಸಿ ನೋಡಿದೆ. 1993ರ ಸರಕು, ಆದರೂ ಎಷ್ಟು ನೇರ! ರಿಕ್ವೆಸ್ಟ್ ಬಂದ ಕೂಡಲೇ ಸರ್ವರ್ ಹೊಸ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಹುಟ್ಟಿಸುತ್ತದೆ. ಯುಆರ್‌ಎಲ್‌ನಲ್ಲಿ ಪ್ರಶ್ನೆ ಚಿಹ್ನೆಯ ಆಚೆ ಇರುವುದೆಲ್ಲ ಎನ್ವಿರಾನ್‌ಮೆಂಟ್ ವೇರಿಯಬಲ್ಲಿನಲ್ಲಿ (ಪ್ರೋಸೆಸ್ಸಿಗೆ ಹೊರಗಿನಿಂದ ಕೊಡುವ ಹೆಸರುಳ್ಳ ಮೌಲ್ಯ) ಸಿಗುತ್ತದೆ, ಪೋಸ್ಟ್ ಮಾಡಿದ ಡೇಟಾ ಸ್ಟ್ಯಾಂಡರ್ಡ್ ಇನ್‌ಪುಟ್ಟಿನಲ್ಲಿ (ಪ್ರೋಗ್ರಾಂ ಡೇಟಾ ಓದಿಕೊಳ್ಳುವ ದಾರಿ). ಉತ್ತರ ಕೊಡಲು ಎಕೋ (ಅಕ್ಷರಗಳನ್ನು ಹೊರಗೆ ಬರೆಯುವ ಕಮಾಂಡ್) ಸಾಕು: ಮೊದಲು ಕಂಟೆಂಟ್-ಟೈಪ್ (ಕಳಿಸುತ್ತಿರುವುದು ಯಾವ ಬಗೆಯದು ಎಂಬ ಸಾಲು), ಆಮೇಲೆ ಒಂದು ಖಾಲಿ ಸಾಲು (ಅದು ತಪ್ಪಿದರೆ 500 ಎರರ್), ಆಮೇಲೆ ಪುಟ. ಕೆಲಸ ಮುಗಿದರೆ ಪ್ರೋಸೆಸ್ಸೂ ಮುಗಿಯಿತು.

ನಿಧಾನ ಅಂತಾರೆ, ಒಪ್ಪಿದೆ. ನನಗೆ ಭಯ ಇರೋದು ಬೇರೆ ಕಡೆ. ಯಾರೋ ಎಲ್ಲಿಂದಲೋ ಕಳಿಸಿದ ಅಕ್ಷರಗಳು ನೇರ ಶೆಲ್ (ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ) ಕೈಗೇ ಬೀಳುತ್ತವಲ್ಲ! 2014ರ ಶೆಲ್‌ಶಾಕ್ ಎಂಬ ಭದ್ರತಾ ದೋಷ ಇಂಥದ್ದೇ: ಯೂಸರ್-ಏಜೆಂಟ್ ಹೆಡರಿನಲ್ಲಿ (ಬ್ರೌಸರ್ ತನ್ನ ಗುರುತು ಹೇಳುವ ಸಾಲು) ಕಮಾಂಡ್ ತುರುಕಿದರೆ ಬ್ಯಾಷ್ (ಹೆಚ್ಚು ಬಳಕೆಯಲ್ಲಿರುವ ಒಂದು ಶೆಲ್) ಅದನ್ನು ಓಡಿಸಿಯೇಬಿಡುತ್ತಿತ್ತು. ಆ ದೋಷ ಬ್ಯಾಷ್‌ನೊಳಗೆ ಸುಮಾರು 25 ವರ್ಷ ಯಾರ ಕಣ್ಣಿಗೂ ಬೀಳದೆ ಕೂತಿತ್ತಂತೆ.