ನೀವು ಕುಂದಾಪುರದ ಕಡೆಯವರು, ಈ ಹಳ್ಳಿಯಲ್ಲಿ ಹೋಟೆಲ್ ಯಾಕೆ ಇಟ್ರಿ?

ಹೊಸದಾಗಿ ಬಂದವರು ದೋಸೆ ತಿಂದು, ಕೈ ತೊಳೆದು, ಗಲ್ಲಾಪೆಟ್ಟಿಗೆ ಹತ್ತಿರ ನಿಂತು ಇದನ್ನೇ ಕೇಳುತ್ತಾರೆ. ನಮ್ಮದು ಆಗುಂಬೆ ಘಟ್ಟದ ಮೇಲೆ, ಅಡಿಕೆ ತೋಟಗಳ ಮಧ್ಯೆ ಇರುವ ಸಣ್ಣ ಊರು. ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ: "ಅಡುಗೆ ನಿಮ್ಮ ಕಡೆಯವರ ರಕ್ತದಲ್ಲೇ ಇದೆ ಬಿಡಿ."

ಚಿಕ್ಕವನಿದ್ದಾಗ ನಾನೂ ಅಜ್ಜಿಯನ್ನು ಕೇಳಿದ್ದೆ. "ಹೊಟ್ಟಿಗ್ ಇಲ್ದೇ ಬಂದದ್ ಮಾಣಿ" ಅಂದಿದ್ದರು.

ಕರಾವಳಿಯಲ್ಲಿ ಆಗ ಬಹಳ ಜನರದ್ದು ಗೇಣಿ ಗದ್ದೆ. ಬೆಳೆದದ್ದರಲ್ಲಿ ದೊಡ್ಡ ಪಾಲು ಒಡೆಯರಿಗೆ ಹೋಗುತ್ತಿತ್ತು. ಮನೆ ತುಂಬ ಮಕ್ಕಳು. ಒಂದು ಬಾಯಿ ಕಡಿಮೆಯಾದರೂ ಸಾಕು ಅಂತ ಹುಡುಗರನ್ನು ನೆಂಟರ ಹೋಟೆಲಿಗೆ ಕಳಿಸುತ್ತಿದ್ದರು. ಸಂಬಳಕ್ಕಿಂತ ಊಟ ಮುಖ್ಯ. ಮೊದಲು ಲೋಟ ತೊಳೆಯಬೇಕು, ಆಮೇಲೆ ಟೇಬಲ್ ಒರೆಸಬೇಕು, ಆಮೇಲೆ ಸಪ್ಲೈ. ಕೈ ಕುದುರಿದರೆ ಒಲೆ ಮುಂದೆ. ದೊಡ್ಡ ಹೆಸರಿನವರೂ ಹೀಗೇ ಊರು ಬಿಟ್ಟವರು. ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿನಲ್ಲಿ ಅಡುಗೆ ಕೆಲಸ ಮಾಡಿಕೊಂಡಿದ್ದು, 1924ರಲ್ಲಿ ಶುರು ಮಾಡಿದ ಕಾಫಿ ಕ್ಲಬ್ಬೇ ಇವತ್ತಿನ ಎಂಟಿಆರ್. ಮದ್ರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕೆ. ಕೃಷ್ಣರಾಯರು ಕಡಂದಲೆಯ ಬಡ ಮನೆಯ ಹುಡುಗ.

ನಮ್ಮಜ್ಜ ಹನ್ನೆರಡನೇ ವಯಸ್ಸಿಗೆ ಘಟ್ಟ ಹತ್ತಿ ತೀರ್ಥಹಳ್ಳಿಯಲ್ಲಿ ಲೋಟ ತೊಳೆದರು. ಮದುವೆಯಾದ ಮೇಲೆ ಈ ಊರಿಗೆ ಬಂದು, ಹುಲ್ಲಿನ ಮಾಡಿನ ಕೆಳಗೆ ಎರಡು ಬೆಂಚು ಹಾಕಿದರು. ಬಸ್ಸು ಇಲ್ಲಿ ಹತ್ತು ನಿಮಿಷ ನಿಲ್ಲುತ್ತಿತ್ತು, ಅದೇ ಬಂಡವಾಳ. ಡ್ರೈವರ್, ಕಂಡಕ್ಟರ್ ಹತ್ತಿರ ತಿಂಡಿಗೆ ದುಡ್ಡು ತಗೊಳ್ಳುತ್ತಿರಲಿಲ್ಲ. ಊರಿನವರ ಲೆಕ್ಕ ಬಾಕಿ ಪುಸ್ತಕದಲ್ಲಿ. ಅಡಿಕೆ ಮಾರಿದ ಮೇಲೆ ವರ್ಷದ್ದೆಲ್ಲ ಒಟ್ಟಿಗೆ ಚುಕ್ತಾ.

ಗಲ್ಲಾಪೆಟ್ಟಿಗೆಯ ಮೇಲೆ ಅಜ್ಜನ ಫೋಟೋ ಇದೆ. ದಿನಾ ಹೂವು ಹಾಕುತ್ತೇವೆ. ಈ ಹೋಟೆಲ್ ಕಟ್ಟಿದ್ದು ಯಾರು ಅಂದರೆ ಎಲ್ಲರೂ ಆ ಕಡೆಗೇ ನೋಡುತ್ತಾರೆ. ಆದರೆ ಗ್ರೈಂಡರ್ ಬರುವವರೆಗೆ, ಹತ್ತಿರ ಹತ್ತಿರ ಮೂವತ್ತು ವರ್ಷ, ಹಿಟ್ಟೆಲ್ಲ ರುಬ್ಬಿದ್ದು ಅಜ್ಜಿ. ಸಂಜೆ ಉದ್ದು, ಅಕ್ಕಿ. ಬೆಳಗಿನ ಜಾವ ನಾಲ್ಕಕ್ಕೆ ಚಟ್ನಿ. ಕಡೆಯುವ ಕಲ್ಲಿನ ಮುಂದೆ ಕೂತು, ಬಲಗೈಯಲ್ಲಿ ಗುಂಡು ತಿರುಗಿಸುತ್ತ ಎಡಗೈಯಲ್ಲಿ ಹಿಟ್ಟು ಒಳಗೆ ತಳ್ಳುತ್ತಿದ್ದರು. ಅವರ ಬಲ ಅಂಗೈಯಲ್ಲಿ ಹುಣಸೆ ಬೀಜದಷ್ಟು ದಪ್ಪದ ಜಡ್ಡು ಕಟ್ಟಿತ್ತು. ನನ್ನ ಕೆನ್ನೆ ಸವರಿದರೆ ಮೊದಲು ಅದೇ ತಾಗುತ್ತಿತ್ತು. ಸಪ್ಲೈಯರಿಗೆ ಸಂಬಳ ಇತ್ತು, ಅಜ್ಜಿಗೆ ಇರಲಿಲ್ಲ. ಬಾಕಿ ಪುಸ್ತಕದಲ್ಲಿ ಊರಿನವರೆಲ್ಲರ ಹೆಸರಿದೆ. ಅಜ್ಜಿಯ ಹೆಸರು ಎಲ್ಲೂ ಇಲ್ಲ. ಹುಡುಕಿ ನೋಡಿದ್ದೇನೆ.

ಹಾಗಾಗಿ ಯಾರಾದರೂ ಈ ಪ್ರಶ್ನೆ ಕೇಳಿದರೆ ಹಿತ್ತಲಿಗೆ ಕರೆದುಕೊಂಡು ಹೋಗುತ್ತೇನೆ. ಕಲ್ಲು ಅಲ್ಲೇ ಇದೆ. ಒಳಗಿನ ಗುಳಿ ಸವೆದು ಸವೆದು ನುಣ್ಣಗಾಗಿದೆ. ಭಾನುವಾರ ಅಮ್ಮ ಅದರಲ್ಲೇ ಚಟ್ನಿ ಅರೆಯುತ್ತಾರೆ, ಮನೆಯವರಿಗೆ ಮಾತ್ರ.